ಸುಳೇಭಾವಿಯಿಂದ ದೇವಾಸಕ್ಕೆ: ಒಂದು ದನಿ ತನ್ನದಾದ ಬಗೆ

ಕುಮಾರ ಗಂಧರ್ವರ ಹೆಸರು ಬಂದಾಗಲೆಲ್ಲ ನಮ್ಮ ಹುಡುಗರಲ್ಲಿ ಒಂದು ವಾದ ಏಳುತ್ತದೆ. “ಅವರು ನಮ್ಮವರು ಕಣ್ರೀ, ಬೆಳಗಾವಿ ಕಡೆಯವರು” ಅಂತ ಒಬ್ಬ. “ಹಾಡಿದ್ದು ಹಿಂದಿ, ಮರಾಠಿ. ಬದುಕಿದ್ದು ಮಾಳವದಲ್ಲಿ. ನಮ್ಮವರು ಹೇಗಾದರು?” ಅಂತ ಇನ್ನೊಬ್ಬ. ಈ ವಾದವನ್ನು ತೀರಿಸುವ ಉದ್ದೇಶ ನನಗಿಲ್ಲ. ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ಅವರ ಬದುಕಿನಲ್ಲಿದೆ. ಆರೇಳು ವರ್ಷದವನಾಗಿದ್ದಾಗ ದೊಡ್ಡ ದೊಡ್ಡ ಗಾಯಕರ ಹಾಡನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿ ಹೆಸರು ಮಾಡಿದ ಹುಡುಗ, ಮುಂದೆ ಬೇರೆ ಯಾರೂ ಹಾಡದಿದ್ದ ಹಾಡುಗಳನ್ನು ತಾನೇ ಕಟ್ಟಿದನಲ್ಲ, ಅದು ಹೇಗೆ ಸಾಧ್ಯವಾಯಿತು? ಅನುಕರಣೆಯಿಂದ ಸ್ವಂತಿಕೆಗೆ ಹೋಗುವ ದಾರಿ ಯಾವುದು? ಕವಿತೆ, ಕತೆ ಬರೆಯಲು ಹೊರಟಿರುವ ನಮಗೂ ಈ ಪ್ರಶ್ನೆ ಬಿಟ್ಟಿದ್ದಲ್ಲವಾದ್ದರಿಂದ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಶಾಸ್ತ್ರ ಓದಿದವನಲ್ಲ. ಬರೀ ಕೇಳುಗ. ಶಾಸ್ತ್ರದ ಪದ ಬಂದಲ್ಲಿ ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ಮೂರು ನಿಮಿಷದ ಗುರುಗಳು

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಲಿಂಗಾಯತ ಮನೆತನ. ತಂದೆ ಸಿದ್ಧರಾಮಯ್ಯನವರಿಗೇ ಹಾಡಿನ ಹುಚ್ಚು. ಆ ಕಾಲದ ಬೆಳಗಾವಿ-ಧಾರವಾಡ-ಮೀರಜ ಸೀಮೆಯೆಂದರೆ ಗಾಳಿಯಲ್ಲೇ ಸಂಗೀತವಿತ್ತು. ಮೀರಜದಲ್ಲಿ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು. ಮರಾಠಿ ನಾಟಕ ಕಂಪನಿಗಳು ಊರೂರಿಗೆ ಬಂದು ರಂಗಗೀತೆಗಳನ್ನು ಬಿಟ್ಟು ಹೋಗುತ್ತಿದ್ದವು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಬಸವರಾಜ ರಾಜಗುರು ಇವರೆಲ್ಲ ಬೆಳೆದದ್ದು ಈ ಗಾಳಿಯಲ್ಲೇ.

ಈ ಹುಡುಗನಿಗೆ ಪಾಠ ಹೇಳಿದ್ದು ಮಾತ್ರ ಮನುಷ್ಯರಿಗಿಂತ ಮುಂಚೆ ಗ್ರಾಮಾಫೋನು. ರಾಮಕೃಷ್ಣಬುವಾ ವಝೆ, ಅಬ್ದುಲ್ ಕರೀಂ ಖಾನರಂಥವರ ರೆಕಾರ್ಡು ಕೇಳಿ, ಅವರ ದನಿಯ ವೈಖರಿಯನ್ನೂ ತಾನುಗಳನ್ನೂ ಹಾಗೆಹಾಗೇ ಹಾಡಿ ತೋರಿಸುತ್ತಿದ್ದ. ಇನ್ನೂ ಏಳೆಂಟು ವರ್ಷ ತುಂಬುವುದರೊಳಗೆ ಒಬ್ಬ ಮಠದ ಸ್ವಾಮಿಗಳು “ಕುಮಾರ ಗಂಧರ್ವ” ಎಂದು ಬಿರುದು ಕೊಟ್ಟರು. ಬಿರುದೇ ಹೆಸರಾಯಿತು, ಶಿವಪುತ್ರ ಎಂಬ ಹೆಸರು ಹಿಂದೆ ಸರಿಯಿತು. ತಂದೆಯೊಂದಿಗೆ ಊರಿಂದೂರಿಗೆ ಕಚೇರಿಗಳು ಶುರುವಾದವು. 1935ರ ಅಲಹಾಬಾದ್ ಸಂಗೀತ ಸಮ್ಮೇಳನದಲ್ಲಿ ಹನ್ನೊಂದು ವರ್ಷದ ಹುಡುಗ ಹಾಡಿ ದೊಡ್ಡವರನ್ನೆಲ್ಲ ಬೆರಗುಗೊಳಿಸಿದ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ಆಗಿನ 78 ಸುತ್ತಿನ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಬೈಠಕ್ಕಿನಲ್ಲಿ ಒಂದು ರಾಗವನ್ನು ತಾಸುಗಟ್ಟಲೆ ಬೆಳೆಸುವ ಗಾಯಕ ರೆಕಾರ್ಡಿಗೆ ಬಂದಾಗ ಎಲ್ಲವನ್ನೂ ಹಿಂಡಿ ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಹುಡುಗ ಕಲಿತದ್ದು ಈ ಹಿಂಡಿದ ರಸವನ್ನು. ಯಾವ ಸ್ವರಕ್ಕೆ ಹೇಗೆ ಹೋಗಬೇಕು ಎನ್ನುವುದು ಅವನಿಗೆ ಗೊತ್ತಿತ್ತು, ಯಾಕೆ ಹೋಗಬೇಕು ಎನ್ನುವುದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ವಯಸ್ಸೂ ಅಲ್ಲ ಬಿಡಿ. ಬಾಲಪ್ರತಿಭೆಗಳಲ್ಲಿ ಎಷ್ಟೋ ಮಂದಿ ದನಿ ಒಡೆಯುವ ವಯಸ್ಸಿಗೆ ಮಾಯವಾಗಿ ಹೋಗುವುದು ಇದೇ ಕಾರಣಕ್ಕೆ. ಜನ ಬೆರಗಾಗುತ್ತಿದ್ದದ್ದು ಹಾಡಿಗಿಂತ ಹೆಚ್ಚಾಗಿ ವಯಸ್ಸಿಗೆ. ವಯಸ್ಸು ನಿಲ್ಲುವುದಿಲ್ಲವಲ್ಲ!

ಆಪೆರಾ ಹೌಸಿನ ಶಾಲೆ

ಹುಡುಗ ಹಾಗೆ ಮಾಯವಾಗದಂತೆ ಉಳಿಸಿದವರು ಪ್ರೊ. ಬಿ.ಆರ್. ದೇವಧರ. ಮುಂಬಯಿಯ ಆಪೆರಾ ಹೌಸ್ ಹತ್ತಿರ ‘ಸ್ಕೂಲ್ ಆಫ್ ಇಂಡಿಯನ್ ಮ್ಯೂಜಿಕ್’ ನಡೆಸುತ್ತಿದ್ದವರು. ಚರ್ನಿ ರೋಡಿನಲ್ಲಿ ಇಳಿದು ಆ ಕಡೆ ಓಡಾಡುವ ನಮ್ಮ ಗೆಳೆಯರಿಗೆ ಆ ಜಾಗ ಪರಿಚಿತವೇ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಅಂದರೆ ಗ್ವಾಲಿಯರ್ ಪರಂಪರೆಯವರು. ಆದರೆ ಕಿವಿಗೆ ಬೇಲಿ ಹಾಕಿಕೊಂಡವರಲ್ಲ. ಪಾಶ್ಚಾತ್ಯ ಸಂಗೀತವನ್ನೂ ಕಂಠಸಾಧನೆಯ ವಿಜ್ಞಾನವನ್ನೂ ಅಭ್ಯಾಸ ಮಾಡಿದ್ದರು. ನಾನಾ ಘರಾಣೆಗಳ ಉಸ್ತಾದರು ಅವರ ಶಾಲೆಗೆ ಬಂದು ಹಾಡುತ್ತಿದ್ದರು, ಹರಟುತ್ತಿದ್ದರು. ಹಳೆಯ ಬಂದಿಶುಗಳನ್ನು ದೇವಧರರು ಹುಡುಕಿ ಹುಡುಕಿ ಸಂಗ್ರಹಿಸುತ್ತಿದ್ದರು.

ಕುಮಾರ ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ ಅವರ ಬಳಿಗೆ ಬಂದ. ಕನ್ನಡ ಮಾತಾಡುವ ಹುಡುಗ, ಮರಾಠಿ-ಗುಜರಾತಿ-ಹಿಂದಿಗಳ ಮುಂಬಯಿಯಲ್ಲಿ. ಅಲ್ಲಿ ಅವನು ಕಲಿತದ್ದರಲ್ಲಿ ಮುಖ್ಯವಾದದ್ದು, ನನ್ನ ಲೆಕ್ಕದಲ್ಲಿ, ಪ್ರಶ್ನೆ ಕೇಳುವುದು. ಒಂದೇ ರಾಗವನ್ನು ಹತ್ತು ಮಂದಿ ಹತ್ತು ತರಹ ಹಾಡುವುದನ್ನು ಕೇಳಿದವನಿಗೆ “ಹಾಗಾದರೆ ರಾಗ ಅನ್ನೋದು ಎಲ್ಲಿದೆ?” ಎಂಬ ಸಂಶಯ ಹುಟ್ಟಲೇಬೇಕು. ಒಂದೇ ಗುರುವಿನ ಕೈಕೆಳಗೆ ಒಂದೇ ಘರಾಣೆ ಉರುಹೊಡೆದವನಿಗೆ ಅದು ಹುಟ್ಟುವುದು ಕಷ್ಟ. ಮುಂದೆ ಅಂಜನೀಬಾಯಿ ಮಾಲ್ಪೇಕರ ಅವರಿಂದಲೂ ಪಾಠವಾಯಿತು. ಇಪ್ಪತ್ತರ ಹೊತ್ತಿಗೆ ಕುಮಾರರು ಅದೇ ಶಾಲೆಯಲ್ಲಿ ಕಲಿಸುತ್ತಿದ್ದರು, ಹೆಸರಾಂತ ತರುಣ ಗಾಯಕರಾಗಿದ್ದರು. 1947ರಲ್ಲಿ ಶಿಷ್ಯೆ ಭಾನುಮತಿಯವರೊಂದಿಗೆ ಮದುವೆಯೂ ಆಯಿತು.

ಅಷ್ಟರಲ್ಲಿ ಕ್ಷಯ ಬಂತು.

ದೇವಾಸದ ಹಾಸಿಗೆ

ಇವತ್ತು ನಮಗೆ ಕ್ಷಯವೆಂದರೆ ತಿಂಗಳುಗಟ್ಟಲೆ ಗುಳಿಗೆ ನುಂಗಿ ವಾಸಿಮಾಡಿಕೊಳ್ಳುವ ಕಾಯಿಲೆ. ಆಗ ಹಾಗಿರಲಿಲ್ಲ. ಒಣಹವೆ, ವಿಶ್ರಾಂತಿ, ಒಳ್ಳೆಯ ಊಟ, ಮೇಲೆ ದೇವರು. 1948ರಲ್ಲಿ ಗಂಡಹೆಂಡತಿ ಮುಂಬಯಿ ಬಿಟ್ಟು ಇಂದೋರ್ ಹತ್ತಿರದ ದೇವಾಸಕ್ಕೆ ಹೋದರು. ಮಾಳವದ ಎತ್ತರದ ಬಯಲು, ಒಣ ಗಾಳಿ, ಊರ ನಡುವೆ ದೇವಿಯ ಗುಡ್ಡ. ಇಂಗ್ಲಿಷ್ ವಿಭಾಗದ ಮಿತ್ರರಿಗೆ ಈ ಗುಡ್ಡ ಗೊತ್ತಿರಬೇಕು. ಇ.ಎಂ. ಫಾರ್ಸ್ಟರ್ 1921ರಲ್ಲಿ ಅಲ್ಲಿಯ ಮಹಾರಾಜರ ಕಾರ್ಯದರ್ಶಿಯಾಗಿದ್ದು, ಆಮೇಲೆ ಪುಸ್ತಕ ಬರೆದದ್ದು ಇದೇ ಊರಿನ ಮೇಲೆ.

ವೈದ್ಯರ ಅಪ್ಪಣೆ: ಹಾಡಕೂಡದು. ಹಾಡುವುದೊಂದನ್ನೇ ಬಲ್ಲ ಇಪ್ಪತ್ತನಾಲ್ಕರ ಮನುಷ್ಯನಿಗೆ ಹಾಸಿಗೆ, ಕಿಟಕಿ ಮತ್ತು ಮೌನ. ಭಾನುಮತಿಯವರು ಶಾಲೆಯಲ್ಲಿ ಕೆಲಸ ಮಾಡಿ ಸಂಸಾರ ನಡೆಸಿದರು, ಶುಶ್ರೂಷೆಯನ್ನೂ ಮಾಡಿದರು. ಈ ಕತೆ ಹೇಳುವಾಗ ಜನ ಸಾಮಾನ್ಯವಾಗಿ ಮರೆಯುವ ಹೆಸರು ಅವರದು. ಸುಮಾರು ಐದು ವರ್ಷ ಹೀಗೆ ಕಳೆಯಿತು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಸಿಕ್ಕಿದ್ದರಿಂದ ಪ್ರಾಣ ಉಳಿಯಿತು. ಅಮೆರಿಕದಲ್ಲಿ 1943ರಲ್ಲಿ ಕಂಡುಹಿಡಿದ ಔಷಧವದು. ಹತ್ತು ವರ್ಷ ಮೊದಲು ಈ ಕಾಯಿಲೆ ಬಂದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಒಂದು ಪುಪ್ಪುಸ ಹೆಚ್ಚುಕಡಿಮೆ ಹೋದ ಹಾಗೆಯೇ.

ಬಾಯಿ ಮುಚ್ಚಿದಾಗ ಕಿವಿ ತೆರೆಯಿತು. ಕಿಟಕಿಯಿಂದ ಬರುತ್ತಿದ್ದದ್ದು ಉಸ್ತಾದರ ಸಂಗೀತವಲ್ಲ. ನೀರಿಗೆ ಹೋಗುವ, ಮದುವೆಗೆ ಹೋಗುವ, ಕೂಸನ್ನು ಮಲಗಿಸುವ ಹೆಂಗಸರ ಹಾಡು, ಭಿಕ್ಷೆಗೆ ಬರುವ ಜೋಗಿಗಳ ಹಾಡು. ನಮ್ಮ ಉತ್ತರ ಕರ್ನಾಟಕದಲ್ಲಿ ಭಾದ್ರಪದದಲ್ಲಿ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರಲ್ಲ, ಆ ಹುಣ್ಣಿಮೆ ಮುಗಿದ ಮೇಲಿನ ಪಕ್ಷದಲ್ಲಿ ಮಾಳವದ ಹುಡುಗಿಯರು ಗೋಡೆಗೆ ಸಗಣಿಯಿಂದ ಚಿತ್ರ ಮೆತ್ತಿ ಸಂಜೆ ಸಂಜೆ ‘ಸಾಂಜಾ’ ಹಾಡುತ್ತಾರೆ. ಹಾಡಿನ ರೆಕಾರ್ಡು ಕೇಳಿ ಬೆಳೆದವರು ಮೊದಲ ಸಲ ಹಾಡು ಹುಟ್ಟುವ ಜಾಗವನ್ನು ಕೇಳಿದರು. ಅಲ್ಲಿ ಯಾರೂ ಯಾರನ್ನೂ ಮೆಚ್ಚಿಸಲು ಹಾಡುತ್ತಿರಲಿಲ್ಲ.

ಬಂದಿಶ್ ಎಂಬ ಪುಟ್ಟ ಮನೆ

ಮುಂದಿನದು ತಿಳಿಯಬೇಕಾದರೆ ಬಂದಿಶ್ ಎಂದರೇನು ಎಂದು ಹೇಳಬೇಕು. ಖಯಾಲ್ ಗಾಯನದಲ್ಲಿ ರಾಗ ಎನ್ನುವುದು ಒಂದು ದೊಡ್ಡ ಬಯಲು. ಬಂದಿಶ್ ಆ ಬಯಲಿನಲ್ಲಿ ಕಟ್ಟಿದ ಪುಟ್ಟ ಮನೆ. ನಾಲ್ಕು ಸಾಲಿನ ಹಾಡು, ಎರಡು ಭಾಗ. ಮೊದಲನೆಯದು ಸ್ಥಾಯಿ, ಸಾಮಾನ್ಯವಾಗಿ ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ ಓಡಾಡುತ್ತದೆ. ಎರಡನೆಯದು ಅಂತರಾ, ಮೇಲಿನ ಷಡ್ಜದ ಕಡೆ ಏರುತ್ತದೆ. ತೀನತಾಲವಾದರೆ ಹದಿನಾರು ಮಾತ್ರೆಯ ಸುತ್ತು. ಆ ಸುತ್ತಿನ ಮೊದಲ ಮಾತ್ರೆಗೆ ‘ಸಮ್’ ಎನ್ನುತ್ತಾರೆ. ಗಾಯಕ ಎಲ್ಲೆಲ್ಲಿ ಅಲೆದರೂ ಹಾಡಿನ ಒಂದು ಗೊತ್ತಾದ ಅಕ್ಷರವನ್ನು ಹಿಡಿದು ಸಮ್‌ಗೆ ಬಂದು ಸೇರಬೇಕು. ಆ ಅಕ್ಷರ ಯಾವುದು, ಅದರ ಮೇಲೆ ಯಾವ ಸ್ವರ, ಅಲ್ಲಿಗೆ ಬರುವ ದಾರಿ ಯಾವುದು, ಇದರಲ್ಲೇ ಆ ರಾಗದ ಮುಖ ಕಾಣಿಸುತ್ತದೆ.

ಈ ಹಾಡುಗಳಲ್ಲಿ ಬಹಳಷ್ಟು ಹಳೆಯವು. ಹದಿನೆಂಟನೇ ಶತಮಾನದ ಮೊಗಲ್ ದರಬಾರಿನ ಸದಾರಂಗನ ಹೆಸರಿರುವ ಬಂದಿಶುಗಳನ್ನು ಇವತ್ತಿಗೂ ಹಾಡುತ್ತಾರೆ. ಭಾಷೆ ಹೆಚ್ಚಾಗಿ ಬ್ರಜ್. ವಿಷಯ ಕೃಷ್ಣ, ವಿರಹ, ಇಲ್ಲವೇ ಅತ್ತೆ-ನಾದಿನಿಯರ ಕಾಟ! ಎಷ್ಟೋ ಗಾಯಕರಿಗೆ ಈ ಮಾತುಗಳು ಒಂದು ನೆಪ. ಮುಖಡಾ ಹಿಡಿದುಕೊಂಡು ಆಲಾಪ, ತಾನು ಅಂತ ಮುಂದೆ ಹೋಗಿಬಿಡುತ್ತಾರೆ. ಕುಮಾರರಿಗೆ ಇದು ಒಪ್ಪಿಗೆಯಾಗಲಿಲ್ಲ. ಬಂದಿಶನ್ನೇ ಒಂದು ಪೂರ್ಣ ಕೃತಿಯಾಗಿ ಕಂಡು, ಅದರ ಮಾತು, ಲಯ, ಸ್ವರ ಮೂರೂ ಸೇರಿ ಏನು ಹೇಳುತ್ತವೋ ಅದನ್ನೇ ಬೆಳೆಸಬೇಕು ಎಂಬುದು ಅವರ ಪಟ್ಟು.

ಹಾಗೆ ನೋಡುವವನು ಸ್ವತಃ ಬರೆಯದೆ ಇರಲಾರ. ಅವರು ಬರೆದರು. ಅವರ ಬಂದಿಶುಗಳ ಸಂಗ್ರಹ ‘ಅನೂಪರಾಗವಿಲಾಸ’ 1965ರಲ್ಲಿ ಪ್ರಕಟವಾಯಿತು, ಎರಡನೆಯ ಭಾಗ ಅವರು ತೀರಿಕೊಂಡ ಮೇಲೆ. ಅವುಗಳಲ್ಲಿ ಮಾಳವದ ಋತುಗಳಿವೆ, ಮಾಳವದ ಆಡುಮಾತಿನ ಬನಿಯಿದೆ. ಒಂದು ಉದಾಹರಣೆ ಕೊಡುತ್ತೇನೆ. ‘ಮಧಸೂರ್ಜಾ’ ಎಂದು ಅವರು ಕಟ್ಟಿದ ರಾಗ. ಹೆಸರಿನಲ್ಲೇ ನಡುಹಗಲ ಸೂರ್ಯನಿದ್ದಾನೆ. ಅದರ ಬಂದಿಶಿನಲ್ಲಿ ಮಾತಾಡುವುದು ದೇವಿಗೆ ಬಲಿಯಾಗಲು ಹೊರಟ ಆಡು. ನನ್ನನ್ನು ಉಳಿಸು ತಾಯೀ, ಮನೆಯಲ್ಲಿ ನನ್ನ ಮರಿ ಒಂದೇ ಇದೆ ಎಂದು ಅದು ಮೊರೆಯಿಡುತ್ತದೆ. ಇದನ್ನು ಮೊದಲ ಸಲ ಕೇಳಿ ಅರ್ಥ ತಿಳಿದುಕೊಂಡಾಗ ನನಗೆ ನೆನಪಾದದ್ದು ನಮ್ಮ ಗೋವಿನ ಹಾಡು, ದೊಡ್ಡಿಯಲ್ಲಿ ಕರುವನ್ನು ಬಿಟ್ಟು ಬಂದ ಪುಣ್ಯಕೋಟಿ. ಅವರಿಗೂ ನೆನಪಾಗಿತ್ತೋ ಎಂದು ಕೇಳುವ ಹಾಗಿಲ್ಲ, ಕೇಳಬೇಕಾಗಿಯೂ ಇಲ್ಲ. ದರಬಾರಿನ ಸಂಗೀತದಲ್ಲಿ ಒಂದು ಆಡಿನ ಅಳುವಿಗೆ ಜಾಗ ಮಾಡಿಕೊಟ್ಟರಲ್ಲ, ಅದು ಸಣ್ಣ ಮಾತಲ್ಲ.

ಧುನಿನಿಂದ ರಾಗ

ಅವರ ಇನ್ನೊಂದು ಕೆಲಸ ಹೊಸ ರಾಗಗಳು. ಇವಕ್ಕೆ ಅವರಿಟ್ಟ ಹೆಸರು ‘ಧುನ್-ಉಗಮ್’ ರಾಗ. ಉಗಮ ಅಂದರೆ ಕನ್ನಡದಲ್ಲೂ ಉಗಮವೇ, ಹಾಡಿನ ಮಟ್ಟಿನಿಂದ ಉಗಮವಾದದ್ದು. ಮಾಲವತಿ, ಲಗನಗಂಧಾರ, ಸಂಜಾರಿ, ಸಹೇಲಿ ತೋಡಿ ಮುಂತಾದವು ಈ ಬಗೆಯವು.

ಎರಡು ಹಳೆಯ ರಾಗ ಸೇರಿಸಿ ಮೂರನೆಯದು ಮಾಡುವ ರೂಢಿ ಹಿಂದಿನಿಂದಲೂ ಉಂಟು. ಕುಮಾರರ ದಾರಿ ಬೇರೆ. ನಮ್ಮ ಬೀಸುವ ಕಲ್ಲಿನ ಪದವನ್ನು ನೆನೆಯಿರಿ. ಮೂರು, ನಾಲ್ಕು, ಹೆಚ್ಚೆಂದರೆ ಐದು ಸ್ವರ. ಕಲ್ಲು ಒಂದು ಸುತ್ತು ತಿರುಗುವುದರಲ್ಲಿ ಒಂದು ಸಾಲು, ಉಸಿರಿಗೊಂದು ನಿಲುಗಡೆ. ಮಾಳವದ ಹಾಡುಗಳೂ ಹೀಗೇ. ಇಷ್ಟು ಕಡಿಮೆ ಸ್ವರಗಳಲ್ಲಿ ರಾಗ ಎಲ್ಲಿದೆ? ಅವರು ಹುಡುಕಿದ್ದು ಹಾಡಿನ ನಡಿಗೆಯನ್ನು. ಮಟ್ಟು ಯಾವ ಸ್ವರದ ಮೇಲೆ ಕಾಲೂರುತ್ತದೆ, ಯಾವುದನ್ನು ಬರೀ ಮುಟ್ಟಿ ಹೋಗುತ್ತದೆ, ಯಾವುದನ್ನು ದಾಟಿ ಹಾರುತ್ತದೆ, ಇಳಿಯುವಾಗ ಏರಿದ ದಾರಿಯಲ್ಲೇ ಇಳಿಯುತ್ತದೋ ಬೇರೆ ದಾರಿಯಲ್ಲೋ. ಈ ನಡಿಗೆ ಸಿಕ್ಕಿದರೆ ಅದೇ ನಡಿಗೆಯಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಬಹುದು. ಹಳ್ಳಿಯ ಹೆಂಗಸು ಎಲ್ಲಿ ನಿಲ್ಲಿಸಿದಳೋ ಅಲ್ಲಿಂದ ಮುಂದಕ್ಕೆ ರಾಗ ಬೆಳೆಯುತ್ತದೆ. ಕೊನೆಗೆ ಅದು ಚೆಲ್ಲಿಹೋಗದಂತೆ ಹಿಡಿದಿಡಲು ಒಂದು ಬಂದಿಶ್.

ಶಾಸ್ತ್ರದವರು ಗೊಣಗಿದರು. ಘರಾಣೆಯಿಲ್ಲ, ಹೊಸ ರಾಗ ಬೇಕಿತ್ತೆ, ಆಲಾಪ ಬೆಳೆಸುವುದಿಲ್ಲ, ಸಾಲುಗಳನ್ನು ತುಂಡರಿಸುತ್ತಾರೆ ಎಂದೆಲ್ಲ. ಪೀಲೂ, ಮಾಂಡ್, ಪಹಾಡಿಗಳೂ ಒಂದು ಕಾಲಕ್ಕೆ ಬೀದಿಯಲ್ಲಿದ್ದವೇ ಎಂಬುದನ್ನು ಗೊಣಗುವವರು ಮರೆತಿದ್ದರು.

‘ತುಂಡು ಸಾಲು’ ಎಂಬ ಮಾತಿಗೆ ಉತ್ತರ ಕೊಡಬೇಕು. 1953ರಲ್ಲಿ ಕುಮಾರರು ಮತ್ತೆ ಸಭೆಯಲ್ಲಿ ಹಾಡಿದಾಗ ಕೇಳಿದ ದನಿ ಹಳೆಯದಲ್ಲ. ಉದ್ದ ಉಸಿರಿನ ಹರಿವಿನ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಥಟ್ಟನೆ ಮೇಲೇರುವ ಚೂಪಾದ ದನಿ, ನಡುನಡುವೆ ಮೌನ. “ಪುಪ್ಪುಸ ಹೋಗಿತ್ತು, ಇನ್ನೇನು ಮಾಡ್ತಾರೆ” ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಒಂದು ಪುಪ್ಪುಸದ ರೋಗಿಗಳು ಆ ಕಾಲದಲ್ಲಿ ಸಾವಿರಾರು ಮಂದಿ ಇದ್ದರು, ಕುಮಾರ ಗಂಧರ್ವ ಒಬ್ಬರೇ. ರೋಗ ಎಲ್ಲೆ ಹಾಕಿತು, ನಿಜ. ಎಲ್ಲೆಯೊಳಗೆ ಏನು ಮಾಡಬೇಕು ಎಂದು ರೋಗ ಹೇಳಿಕೊಡಲಿಲ್ಲ. ತಂಬೂರಿ ಶ್ರುತಿ ಮಾಡುವುದರಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎನ್ನುವುದು ಹೆಸರಾದ ಮಾತು. ಅವರು ಉಸಿರು ನಿಲ್ಲಿಸಿದಾಗ ಆ ತಂಬೂರಿ ಹಾಡನ್ನು ಮುಂದುವರಿಸುತ್ತದೆ. ಮೌನವೂ ಹಾಡಿನ ಭಾಗವಾಗುತ್ತದೆ. ಇದು ಕೊರತೆಯಲ್ಲ, ಆಯ್ಕೆ.

ಬಯಲಿನ ಹಾಡು

ದೇವಾಸದಲ್ಲಿ ಶೀಲನಾಥರೆಂಬ ನಾಥಯೋಗಿಯ ಧುನಿ ಇದೆ. ಧುನಿ ಎಂದರೆ ಯೋಗಿಗಳ ಅಗ್ನಿಕುಂಡ. ಅಲ್ಲಿಯ ಮತ್ತು ಬೀದಿಯ ಜೋಗಿಗಳ ಬಾಯಲ್ಲಿ ಕಬೀರ, ಗೋರಖರ ನಿರ್ಗುಣ ಭಜನೆಗಳು. ಶೂನ್ಯದ ಮಾತು, ಒಂಟಿತನದ ಮಾತು, ಹೆದರಿಕೆಯಿಲ್ಲದ ಮಾತು. ಕುಮಾರರು ಇವನ್ನು ಸಭೆಗೆ ತಂದರು. ಭಜನೆಯೆಂದರೆ ಕಚೇರಿಯ ಕೊನೆಗೆ ಹಾಡುವ ಸಿಹಿ ಎಂದುಕೊಂಡವರಿಗೆ ಇದು ಬೇರೆಯೇ ರುಚಿ.

ಕನ್ನಡ ಓದುವ ನಮಗೆ ಇಲ್ಲಿ ಒಂದು ಬಾಗಿಲು ತೆರೆಯುತ್ತದೆ. ಶೂನ್ಯಸಂಪಾದನೆಯಲ್ಲಿ ಗೋರಕ್ಷ ಅಲ್ಲಮನನ್ನು ಎದುರುಗೊಳ್ಳುವ ಪ್ರಸಂಗ ಪಾಠದಲ್ಲಿ ಓದಿದ್ದೀರಿ. ಗೋರಕ್ಷನ ವಜ್ರದೇಹಕ್ಕೆ ಕತ್ತಿ ತಾಗಿದರೆ ಖಣಿಲ್ ಎನ್ನುತ್ತದೆ. ಅಲ್ಲಮನಿಗೆ ಬೀಸಿದ ಕತ್ತಿ ಬಯಲಿನಲ್ಲಿ ಬೀಸಿದ ಹಾಗೆ ದಾಟಿಹೋಗುತ್ತದೆ. ದನಿಯಲ್ಲೂ ಈ ಎರಡು ಬಗೆ ಉಂಟು ಅಂತ ನನಗನಿಸುತ್ತದೆ. ಸಾಧನೆಯಿಂದ ವಜ್ರವಾದ ದನಿ ಒಂದು, ಬಯಲಾದ ದನಿ ಇನ್ನೊಂದು. ಲಿಂಗಾಯತ ಮನೆಯಲ್ಲಿ ಹುಟ್ಟಿದ ಹುಡುಗ ದೂರದ ಊರಿನಲ್ಲಿ ನಾಥರ ಬಾಯಿಂದ ಶೂನ್ಯದ ಮಾತು ಕೇಳಿದ್ದು ಕಾಕತಾಳೀಯವೇ ಇರಬಹುದು. ಆದರೂ ಆ ಭಜನೆಗಳನ್ನು ಕೇಳುವಾಗ ವಚನ ಓದಿದ ಕಿವಿಗೆ ಅವು ಪರಕೀಯ ಎನಿಸುವುದಿಲ್ಲ.

ಮತ್ತೆ ಊರೂರು

ಹುಡುಗನಾಗಿದ್ದಾಗ ಊರೂರು ತಿರುಗಿದ್ದ ಕುಮಾರರು ಮತ್ತೆ ತಿರುಗಾಟ ಹಿಡಿದರು. ಈ ಸಲ ಅವರ ಬಳಿ ಹೇಳುವುದಕ್ಕೆ ತಮ್ಮದೇ ವಿಷಯವಿತ್ತು. ಕಚೇರಿಯನ್ನೇ ಒಂದು ವಿಷಯದ ಸುತ್ತ ಕಟ್ಟುವುದು ಅವರ ಕ್ರಮವಾಯಿತು. ‘ಗೀತ ವರ್ಷಾ’ದಲ್ಲಿ ಮಳೆಗಾಲ, ‘ಗೀತ ಹೇಮಂತ’, ‘ಗೀತ ವಸಂತ’, ಕಬೀರ-ಸೂರ-ಮೀರಾ ಸೇರಿದ ‘ತ್ರಿವೇಣಿ’, ಮಾಳವದ ಲೋಕಗೀತೆಗಳ ಕಾರ್ಯಕ್ರಮ. ಗಾಂಧಿ ಶತಮಾನೋತ್ಸವದ 1969ರಲ್ಲಿ ‘ಗಾಂಧಿ ಮಲ್ಹಾರ’ ಎಂಬ ರಾಗವನ್ನೇ ಕಟ್ಟಿದರು. ಈ ನಡುವೆ 1961ರಲ್ಲಿ ಭಾನುಮತಿ ತೀರಿಕೊಂಡರು. ಮರುವರ್ಷ ಶಿಷ್ಯೆ ವಸುಂಧರಾ ಅವರನ್ನು ಮದುವೆಯಾದರು, ಮುಂದೆ ಇಬ್ಬರೂ ಜೊತೆಯಾಗಿ ಹಾಡಿದರು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸದಲ್ಲೇ ತೀರಿಕೊಂಡರು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಹಾಡಿಕೆಯನ್ನು ಮುಂದುವರಿಸಿದರು. ಮಗನ ಹೆಸರಲ್ಲಿ ಆ ‘ಶಿವಪುತ್ರ’ ಉಳಿದಿರುವುದನ್ನು ಗಮನಿಸಿ.

ಆ ಕಾರ್ಯಕ್ರಮಗಳಲ್ಲಿ ನನಗೆ ಎಲ್ಲಕ್ಕಿಂತ ಅರ್ಥಪೂರ್ಣ ಅನಿಸುವುದು ಒಂದು. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನು ಎತ್ತಿಕೊಂಡು ಅವರು ಕಟ್ಟಿದ ‘ಮಲಾ ಉಮಜಲೇಲೇ ಬಾಲಗಂಧರ್ವ’. ಕನ್ನಡದಲ್ಲಿ ಹೇಳಬೇಕೆಂದರೆ, ನನಗೆ ಅರ್ಥವಾದ ಬಾಲಗಂಧರ್ವ. ಏಳು ವರ್ಷದ ಹುಡುಗ ವಝೆಬುವಾರನ್ನು ‘ಹಾಡಿ ತೋರಿಸಿದ್ದ’. ನಡುವಯಸ್ಸಿನ ಕಲಾವಿದ ಬಾಲಗಂಧರ್ವರನ್ನು ‘ಅರ್ಥಮಾಡಿಕೊಂಡು’ ಹಾಡಿದ. ಎರಡರಲ್ಲೂ ಹಾಡು ಇನ್ನೊಬ್ಬರದೇ. ಮೊದಲನೆಯದರಲ್ಲಿ ಹಾಡುವವನು ಕಾಣುವುದಿಲ್ಲ, ಎರಡನೆಯದರಲ್ಲಿ ಇಬ್ಬರೂ ಕಾಣುತ್ತಾರೆ. ನಾನು ಮೊದಲು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಪ್ರಭಾವದಿಂದ ಓಡಿಹೋದವನಿಗೆ ಸ್ವಂತ ದನಿ ಸಿಗುವುದಿಲ್ಲ. ಅದರ ಒಳಹೊಕ್ಕು, ಇದು ಹೀಗೇ ಯಾಕಿದೆ ಎಂದು ಕೇಳಿ, ಹೊರಗೆ ಬಂದವನಿಗೆ ಸಿಗುತ್ತದೆ.

ನಮ್ಮ ಪತ್ರಿಕೆಗೆ ಬರುವ ಕವಿತೆಗಳಲ್ಲಿ ಅರ್ಧ ಬೇಂದ್ರೆಯ ಕುಣಿತ, ಇನ್ನರ್ಧ ಅಡಿಗರ ಸಿಟ್ಟು ಅಂತ ಸಂಪಾದಕರು ಆಗಾಗ ಗೊಣಗುತ್ತಾರೆ. ಗೊಣಗಲಿ. ಎಲ್ಲರೂ ಅಲ್ಲಿಂದಲೇ ಶುರುಮಾಡುವುದು. ಕುಮಾರರು ಶುರುಮಾಡಿದ್ದೂ ಮೂರು ನಿಮಿಷದ ರೆಕಾರ್ಡಿನಿಂದಲೇ. ಕಿಟಕಿಯ ಆಚೆ ಯಾರು ಏನು ಹಾಡುತ್ತಿದ್ದಾರೆ ಎಂದು ಕೇಳಿಸಿಕೊಂಡಿದ್ದೇವೆಯೇ ಎನ್ನುವುದು ಮುಂದಿನ ಮಾತು. ಊರು ಬಿಟ್ಟು ಬಂದು ಮೂರು ಭಾಷೆಗಳ ನಡುವೆ ಬದುಕುವ ನಮಗೆ ಕಿಟಕಿಗಳಿಗೇನೂ ಕಡಿಮೆಯಿಲ್ಲ.

ಅವರು ನಮ್ಮವರೋ ಅಲ್ಲವೋ ಎಂದು ವಾದಿಸುವ ಮಿತ್ರರಿಗೆ ಒಂದು ವಿನಂತಿ. ಬೆಳಗಾವಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ, 2024ರಲ್ಲಿ ಅವರ ಜನ್ಮಶತಾಬ್ದಿಯೂ ಆಯಿತು. ಅಭಿಮಾನಕ್ಕೆ ಅಷ್ಟು ಸಾಕು. ಇನ್ನು ಕೇಳುವ ಕೆಲಸ. ಮೊದಲು ಒಂದು ನಿರ್ಗುಣ ಭಜನೆ, ಆಮೇಲೆ ಮಾಳವದ ಒಂದು ಲೋಕಗೀತೆ, ಆಮೇಲೆ ಒಂದು ಧುನ್-ಉಗಮ್ ರಾಗ, ಈ ಕ್ರಮದಲ್ಲಿ ಕೇಳಿ. ಫೋನಿನಲ್ಲೇ ಸಿಗುತ್ತವೆ, ಖರ್ಚಿಲ್ಲ. ಕೇಳುವಾಗ ಅವರು ಹಾಡುವುದನ್ನು ನಿಲ್ಲಿಸಿದ ಜಾಗಗಳಲ್ಲಿ ತಂಬೂರಿಯ ಕಡೆ ಸ್ವಲ್ಪ ಗಮನವಿರಲಿ.